ಬಾವಲಿಗೆ ಕಟ್ಟಿಸಿದ ಸೇತುವೆ

ಹಾರಲು ಬಾರದವರೆಲ್ಲ ಸೇರಿ ಹಾರುವವರಿಗೆ ದಾರಿ ತೋರಿಸುವುದು ಈ ಕಾಲದ ದೊಡ್ಡ ಉದ್ಯೋಗ. ಆ ಉದ್ಯೋಗದಲ್ಲಿ ನನಗೂ ಸಂಬಳ ಬರುತ್ತದೆ. ಮಹದೇವಪುರದ ಒಂದು ಟೆಕ್ ಪಾರ್ಕಿನಲ್ಲಿ ನಾನು ಅಡ್ಮಿನ್ ಮ್ಯಾನೇಜರ್. ನಲ್ಲಿ ಸೋರಿದರೂ ನಾನೇ, ನಾಯಿ ನುಗ್ಗಿದರೂ ನಾನೇ. ನಮ್ಮವರು ಒಳರಸ್ತೆ ಅಗಲ ಮಾಡಲು ಸಾಲು ಹೊಂಗೆಮರಗಳನ್ನು ಕಡಿಸಿದರು. ಆ ಮರಗಳ ಮರೆಯಲ್ಲೇ ಕೆರೆ ಕಡೆಗೆ ಹೋಗುತ್ತಿದ್ದ ಸಣ್ಣ ಬಾವಲಿಗಳು ಬಯಲಿನಲ್ಲಿ ತಗ್ಗಾಗಿ ಹಾರಿ, ಸಂಜೆಯ ಕ್ಯಾಬುಗಳಿಗೆ ಬಡಿದು ಸಾಯತೊಡಗಿದವು. ಆಗ ನಮ್ಮ ದೊಡ್ಡ ಸಾಹೇಬರಿಗೆ ಕರುಣೆ ಉಕ್ಕಿತು. ವಿದೇಶದಲ್ಲೆಲ್ಲೋ ನೋಡಿದ್ದರಂತೆ: ರಸ್ತೆಗೆ ಅಡ್ಡಲಾಗಿ ಎತ್ತರದಲ್ಲಿ ತಂತಿ ಬಿಗಿದರೆ ಬಾವಲಿ ಅದನ್ನು ಮರದ ಸಾಲೆಂದು ನಂಬಿ ಮೇಲಿಂದಲೇ ದಾಟುತ್ತದಂತೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಅಂದರೆ ಇದೇ. ನಾನಂತೂ "ಎಕ್ಸಲೆಂಟ್ ಐಡಿಯಾ ಸಾರ್" ಅಂದೆ.

ಎರಡು ಕಂಬ, ನಾಲ್ಕು ಸಾಲು ತಂತಿ, ಅದಕ್ಕೆ ಕಂಪನಿ ಬಣ್ಣದ ಎಲ್‌ಇಡಿ ಸರ: ಇದೇ ನಮ್ಮ ಬಾವಲಿ ಸೇತುವೆ. ಬೆಳಕು ಕಂಡರೆ ದೂರ ಸರಿಯುವ ಜೀವಕ್ಕೆ ದೀಪಾಲಂಕಾರ! ಮನೆಯಲ್ಲಿ ಜಂಬದಿಂದ ಹೇಳಿಕೊಂಡರೆ ಹೆಂಡತಿ, "ನಮ್ಮ ಸಿಂಕ್ ಕಟ್ಕೊಂಡು ತಿಂಗಳಾಯ್ತು. ಊರಿಗೆ ಉಪಕಾರಿ, ಮನೆಗೆ ಮಾರಿ!" ಎಂದಳು. ಉದ್ಘಾಟನೆಯ ದಿನ ಅತಿಥಿಗಳ ಕಣ್ಣಿಗೆ ಕೊಳಕು ಬೀಳಬಾರದೆಂದು ರಸ್ತೆಯಡಿಯ ಹಳೇ ಮೋರಿಯ ಎರಡೂ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿದೆ. ಅದು ಪೂರ್ತಿ ನನ್ನದೇ ಬುದ್ಧಿ.

ಸಾಯುವ ಬಾವಲಿಗಳು ಇನ್ನಷ್ಟು ಹೆಚ್ಚಿದವು. ನಮ್ಮ ತೋಟದ ಮೇಸ್ತ್ರಿ ಮುನಿರಾಜಣ್ಣ, ಈ ಪಾರ್ಕ್ ಬರುವ ಮುಂಚೆ ಇದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದವನು, ಒಂದು ಬೆಳಿಗ್ಗೆ ರಸ್ತೆಯಲ್ಲಿ ಬಿದ್ದ ಬಾವಲಿಗಳನ್ನು ಮಂಕರಿಯಲ್ಲಿ ತುಂಬಿ ತಂದು ನನ್ನ ಲ್ಯಾಪ್‌ಟಾಪ್ ಪಕ್ಕದಲ್ಲೇ ಇಟ್ಟ. "ನೋಡಿ ಸಾರ್. ಮರ ಓದ್ಮೇಲೆ ಪಾಪ, ಇವು ಮೋರಿ ಒಳಗಿಂದ ಓಗೋದು ಕಲ್ತಿದ್ವು. ನೀವು ಅದ್ಕೂ ಜಾಲ್ರಿ ಬಡ್ದ್‌ಬುಟ್ರಿ. ತೆಗ್ಸಿ ಸಾರ್." ಮಂಕರಿಯಲ್ಲಿ ಒಂದರ ರೆಕ್ಕೆ ಇನ್ನೂ ಅದುರುತ್ತಿತ್ತು. ಜಾಲರಿ ತೆಗೆಸಲೆಂದು ಫೋನಿಗೆ ಕೈ ಹಾಕಿದೆ. ಆದರೆ ತೆಗೆಸಬೇಕಾದರೆ ಬಾವಲಿ ದಾಟುವುದು ಮೋರಿಯಲ್ಲಿ, ಸೇತುವೆ ದಂಡ ಎಂದು ಬರೆದು ಕೊಡಬೇಕು. ಸೇತುವೆಯೋ ಆಗಲೇ ಪರಿಸರ ಪ್ರಶಸ್ತಿಗೆ ಹೋಗಿ ಕೂತಿತ್ತು. "ಸಾಹೇಬ್ರು ಒಪ್ಪಲ್ಲ ಕಣ್ರೀ ಮುನಿರಾಜಣ್ಣ" ಎಂದು ಗೊಣಗಿದೆ. ಅವನು ಮಂಕರಿ ಎತ್ತಿಕೊಂಡು, "ಅಂಗಾದ್ರೆ ಕಳ್ತನ ಆಯ್ತು ಅಂತ ಬರ್ಕಳಿ" ಎಂದು ಹೊರಟೇಹೋದ.

ಮರುದಿನ ಜಾಲರಿ ಇರಲಿಲ್ಲ. ಕಳವಾಯಿತೆಂದು ರಿಜಿಸ್ಟರಿನಲ್ಲಿ ಬರೆದೆ. ಸಂಜೆ ಹೋಗಿ ನಿಂತು ನೋಡಿದರೆ, ಅಬ್ಬಾ, ಒಂದರ ಹಿಂದೆ ಒಂದು ಮೋರಿಯೊಳಗೆ ನುಗ್ಗಿ ಆಚೆ ಬದಿಯಲ್ಲಿ ಹೊರಬರುತ್ತಿದ್ದವು. ಮೇಲೆ ನಮ್ಮ ಸೇತುವೆ ಒಂದೇ ಸಮ ಮಿಣಮಿಣ ಎನ್ನುತ್ತಿತ್ತು. ಸಾವು ನಿಂತ ಕೀರ್ತಿಯೆಲ್ಲ ಅದಕ್ಕೇ ಸಂದಿತು, ಪ್ರಶಸ್ತಿಯೂ ಬಂತು. ವೇದಿಕೆಯ ಮೇಲೆ ನಾನು ಬಾವಲಿಗಳ ಮನಸ್ಸಿನ ಕುರಿತು ಇಂಗ್ಲಿಷಿನಲ್ಲಿ ಕೊರೆದೆ. ಇಳಿದು ಬಂದ ಮೇಲೆ ಸಾಹೇಬರು, "ಆ ಜಾಲರಿ ಯಾರ ಉಸ್ತುವಾರೀಲಿ ಹೋಯ್ತು? ಮೆಮೊ ಕೊಡಿ" ಎಂದರು. ಮೋರಿ ತೋಟದ ಲೆಕ್ಕಕ್ಕೆ ಬರುತ್ತದೆಂದು ಮುನಿರಾಜಣ್ಣನಿಗೇ ಕೊಟ್ಟೆ. ಸಹಿ ನನ್ನದೇ, ಬಲು ಮುದ್ದಾಗಿ ಬಿದ್ದಿದೆ.

ಮುನಿರಾಜಣ್ಣ ಮೆಮೊ ಮಡಚಿ ಜೇಬಿಗಿಟ್ಟುಕೊಂಡು, "ಇದು ಇರ್ಲಿ ಬುಡಿ ಸಾರ್. ಒಸ ಜಾಲ್ರಿ ಮಾತ್ರ ತರ್ಸ್‌ಬ್ಯಾಡಿ" ಎಂದ. ಹೊಸ ಜಾಲರಿಯ ಆರ್ಡರ್ ಮೂರು ವಾರದಿಂದ ನನ್ನ ಮೇಜಿನ ಮೇಲಿದೆ. ಅದಕ್ಕೆ ಮಾತ್ರ ಸಹಿ ಹಾಕಿಲ್ಲ. ನನಗೆ ಧೈರ್ಯ ಬಂತೆಂದು ತಿಳಿಯಬೇಡಿ. ಕೇಳಿದವರಿಗೆಲ್ಲ ಕನ್ನಡಕ ಸಿಗುತ್ತಿಲ್ಲ ಅನ್ನುತ್ತಿದ್ದೇನೆ.