ಕಂಪ್ಯೂಟರಿಗೆ ಇಳಿದ ನಮ್ಮ ಕೆರೆ

ನೀವೇ ಊಹಿಸಿ, ನೋಡೋಣ. ಒಂದು ದೊಡ್ಡ ಕೆರೆ ಇದೆ. ಪಾಚಿ ಕಟ್ಟಿ, ಅಂತರಗಂಗೆ ಕಳೆ ಹಬ್ಬಿ, ನೀರೇ ಕಾಣದ ಹಾಗೆ ಹಸಿರಾಗಿದೆ. ಆ ಹಸಿರನ್ನು ಕಣ್ಣಾರೆ ನೋಡಿ, 'ಪಾಪ, ಕೆರೆ ನಿಜವಾಗಿಯೂ ಕೆಟ್ಟಿದೆ, ಇವರ ಕೆಲಸಕ್ಕೆ ಇನ್ನೊಂದು ವರ್ಷ ಹಣ ಕೊಡಬಹುದು' ಎಂದು ಬರೆಯಲಿ ಅಂತ ಬೆಂಗಳೂರಿನಿಂದ ಕಮಿಟಿ ಕರೆಸಿದ್ದೀರಿ. ಕಮಿಟಿಯವರು ಕೆರೆ ಏರಿ ಮೇಲೆ ನಿಂತು ನೋಡಿದರು. ಅವರಿಗೆ ಏನು ಕಂಡಿತು?

ಗೊತ್ತಾಗಲಿಲ್ಲವಾ? ಆಗಲ್ಲ ಬಿಡಿ. ನಾನು ಪಕ್ಕದಲ್ಲೇ ನಿಂತಿದ್ದೆ, ನನಗೇ ನಂಬೋಕೆ ಆಗಲಿಲ್ಲ.

ತಿಪಟೂರಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತನಾಗಿ, ಚಿಕ್ಕನಾಯಕನಹಳ್ಳಿ ಕಡೆಯ ನಮ್ಮೂರಿಗೆ ಬಂದು ಕೂತವನು ನಾನು. ನಿವೃತ್ತ ಮೇಷ್ಟ್ರ ಬಾಳಿನಲ್ಲಿ ಇಂಥವು ತಾವಾಗಿ ಬರುತ್ತಲೇ ಇರುತ್ತವೆ. ಊರಿಗೆ ಯಾರು ಏನು ಹುಡುಕಿಕೊಂಡು ಬಂದರೂ 'ಮೇಷ್ಟ್ರು ಸುಮ್ನೆ ಕೂತವ್ರೆ, ಕೇಳೋಗಿ' ಅಂತ ನಮ್ಮನೆ ದಾರಿ ತೋರಿಸುತ್ತಾರೆ. ಹಾಗೆ ದಾರಿ ಕೇಳಿಕೊಂಡು ಬಂದವಳು ಡಾಕ್ಟ್ರಮ್ಮ. ಸೂಜಿ ಚುಚ್ಚುವ ಡಾಕ್ಟ್ರಮ್ಮ ಅಲ್ಲ, ಕೆರೆಗಳ ಬಗ್ಗೆ ಓದಿ ಡಾಕ್ಟರ್ ಆದವಳು. ನನ್ನ ಮಗಳ ವಯಸ್ಸು, ನನ್ನ ಅಜ್ಜಿಯ ಹಠ.

ಅವಳ ಕೆಲಸ ಏನಪ್ಪಾ ಅಂದರೆ, ನಮ್ಮ ಕೆರೆಯ ಇಡೀ ಸಂಸಾರವನ್ನು ಕಂಪ್ಯೂಟರಿನಲ್ಲಿ ಕಟ್ಟುವುದು. ಗೊಬ್ಬರದ ಸಾರ ಎಲ್ಲೆಲ್ಲಿಂದ ಹರಿದು ಬರುತ್ತದೆ, ಅದನ್ನು ತಿಂದು ಪಾಚಿ ಎಷ್ಟು ಬೆಳೆಯುತ್ತದೆ, ಪಾಚಿಯನ್ನು ಹುಳು ಎಷ್ಟು ತಿನ್ನುತ್ತದೆ, ಹುಳುವನ್ನು ಮೀನು ಎಷ್ಟು ತಿನ್ನುತ್ತದೆ, ಎಲ್ಲ. ಕಟ್ಟಿ ಮುಗಿದ ಮೇಲೆ ಕಂಪ್ಯೂಟರನ್ನೇ ಕೇಳಬಹುದು: ಊರ ಚರಂಡಿ ನಿಲ್ಲಿಸಿದರೆ ಕೆರೆ ತಿಳಿಯಾಗುತ್ತಾ? ತೋಟದ ಯೂರಿಯಾ ಅರ್ಧ ಮಾಡಿದರೆ? ಮೊದಲು ಯಾವುದಕ್ಕೆ ಕೈ ಹಾಕಬೇಕು? ಹಣ ಸಿಕ್ಕಿದ್ದು ಒಂದು ವರ್ಷಕ್ಕೆ. ವರ್ಷದ ಕೊನೆಗೆ ಕಮಿಟಿ ಬಂದು ನೋಡಿ ಒಪ್ಪಿದರೆ ಮಾತ್ರ ಎರಡನೇ ವರ್ಷ.

"ಒಪ್ಪದೇ ಇದ್ರೆ?" ಅಂದೆ.

"ಅರ್ಧ ಕೆರೆ ಕಂಪ್ಯೂಟರಲ್ಲೇ ಉಳಿಯುತ್ತೆ ಸಾರ್. ಪೂರ್ತಿ ಪಾಚಿ ಇಲ್ಲೇ ಉಳಿಯುತ್ತೆ."

ಬಲಕ್ಕೆ ಮಾತ್ರ

ಮೊದಲ ಕೆಲಸ, ಕೆರೆ ಮಧ್ಯಕ್ಕೆ ಹೋಗಿ ನೀರು ತುಂಬಿಕೊಂಡು ಬರಬೇಕು. ದೋಣಿ ಇಲ್ಲ. ಹುಳಿಯಾರಿನಲ್ಲಿ ಪಂಪ್‌ಸೆಟ್, ಟ್ರ್ಯಾಕ್ಟರ್ ರಿಪೇರಿ ಮಾಡುವ ಒಬ್ಬ ಭಾಯಿ ಇದ್ದಾನೆ, ಕೆಡದೇ ಇರುವ ಯಂತ್ರ ಕಂಡರೆ ಅವನಿಗೆ ಅನುಮಾನ. ಅವನು ನಾಲ್ಕು ಪ್ಲಾಸ್ಟಿಕ್ ಡ್ರಮ್ಮು ಬಿಗಿದು, ಮೇಲೆ ಹಲಗೆ ಹಾಸಿ, ಹಳೇ ಮೋಟಾರು ಕೂರಿಸಿ ಒಂದು ತೆಪ್ಪ ಮಾಡಿಕೊಟ್ಟ. ಚೆನ್ನಾಗೇ ಹೋಗುತ್ತಿತ್ತು. ಆದರೆ ಬಲಕ್ಕೆ ಮಾತ್ರ ತಿರುಗುತ್ತಿತ್ತು.

ಡಾಕ್ಟ್ರಮ್ಮ ದಡದಿಂದಲೇ ಕೂಗಿದಳು. "ಭಾಯಿ, ನಾನು ಎಡಕ್ಕೆ ಹೋಗ್ಬೇಕಲ್ಲಾ!"

ಭಾಯಿ ಬೀಡಿ ತೆಗೆದು ಶಾಂತವಾಗಿ ಹೇಳಿದ: "ಮೂರು ಸಲ ಬಲಕ್ಕೆ ತಿರುಗ್ಸಿ ಮೇಡಂ, ಎಡ ತಾನಾಗೇ ಬತ್ತದೆ."

ನಾನು ಏರಿ ಮೇಲೆ ಕೂತು ಕಡ್ಡಿಯಿಂದ ಮಣ್ಣಿನಲ್ಲಿ ಗೀಚಿ ನೋಡಿದೆ. ಹಾಳಾದ್ದು, ಸರಿಯಾಗೇ ಇತ್ತು.

ಪಕ್ಕದ ತೋಟದವನು

ಆಮೇಲೆ ತೋಟದ ಲೆಕ್ಕ. ಕೆರೆ ಸುತ್ತಲಿನ ತೆಂಗಿನ ತೋಟದವರು ವರ್ಷಕ್ಕೆ ಎಷ್ಟು ಗೊಬ್ಬರ ಹಾಕುತ್ತಾರೆ ಅಂತ ಮನೆಮನೆಗೆ ಹೋಗಿ ಕೇಳಬೇಕು. ಬೆಂಗಳೂರಿನವರು ಬಂದು ಗೊಬ್ಬರ ವಿಚಾರಿಸುತ್ತಾರೆ ಅಂದರೆ ಸಬ್ಸಿಡಿ ಕೊಡೋಕೇ ಇರಬೇಕು ಅಂತ ಊರೆಲ್ಲಾ ಸುದ್ದಿಯಾಯಿತು. ಎಲ್ಲರೂ ಎದೆ ಉಬ್ಬಿಸಿ ಹೇಳಿದರು. ಎರಡು ಮರ ಇದ್ದವನೂ ಲಾರಿ ಲೋಡು ಹೇಳಿದ. ಡಾಕ್ಟ್ರಮ್ಮ ಎಲ್ಲವನ್ನೂ ಕಂಪ್ಯೂಟರಿಗೆ ಊಡಿಸಿದಳು. ಅದರ ಪ್ರಕಾರ ನಮ್ಮ ಕೆರೆಯಲ್ಲಿ ನೀರೇ ಇರಲಿಲ್ಲ, ಏರಿಯಿಂದ ಏರಿಗೆ ಬರೀ ಯೂರಿಯಾ.

ಮತ್ತೆ ಕೇಳೋಣ ಅಂತ ಹೊರಟಳು. ಅಷ್ಟರಲ್ಲಿ ಇನ್ನೊಂದು ಸುದ್ದಿ: ಜಾಸ್ತಿ ಹಾಕಿದವರಿಗೆ ದಂಡ ಅಂತೆ. "ಗೊಬ್ಬರಾನಾ? ಮುಟ್ಟಲ್ಲ ಕಣವ್ವ. ನಮ್ಮಪ್ಪನ ಕಾಲದಿಂದ ಬರೀ ಸಗಣಿ." ಇನ್ನೊಬ್ಬ, "ನಮ್ದು ಸಗಣೀನೂ ಇಲ್ಲ, ಹಸು ಮಾರ್ಬುಟ್ಟಿದೀವಿ." ಈ ಸಲ ಕಂಪ್ಯೂಟರ್ ನಮ್ಮ ಕೆರೆಯನ್ನು ಹಿಮಾಲಯದ ಸರೋವರ ಮಾಡಿಬಿಟ್ಟಿತು.

ಹುಡುಗಿ ತಲೆ ಮೇಲೆ ಕೈ ಹೊತ್ತು ನಮ್ಮ ಜಗಲಿ ಮೇಲೆ ಕೂತಳು. ನಾನು ಅಷ್ಟು ವರ್ಷ ಹಾಜರಿ ಕೂಗಿದವನು. 'ನೆನ್ನೆ ನೀನು ಯಾಕೆ ಬರಲಿಲ್ಲ' ಅಂದರೆ ಹುಡುಗರು ಬಿಡುತ್ತಿದ್ದದ್ದು ರೈಲು. 'ನಿನ್ನ ಪಕ್ಕದವನು ಯಾಕೆ ಬರಲಿಲ್ಲ' ಅಂದರೆ ಬರುತ್ತಿದ್ದದ್ದು ಸತ್ಯ, ಸಿನಿಮಾ ಮಂದಿರದ ಹೆಸರಿನ ಸಮೇತ. ಅದನ್ನೇ ಹೇಳಿದೆ: "ಅವರವರ ತೋಟದ್ದು ಕೇಳಬೇಡಮ್ಮ. ಪಕ್ಕದ ತೋಟದವನು ಎಷ್ಟು ಹಾಕ್ತಾನೆ ಅಂತ ಕೇಳು."

ಒಂದೇ ವಾರ. ಎಷ್ಟು ಹಾಕಿದ, ಯಾವತ್ತು ಹಾಕಿದ, ಯಾರ ಟ್ರ್ಯಾಕ್ಟರಿನಲ್ಲಿ ತಂದ, ತಂದದ್ದಕ್ಕೆ ಹೆಂಡತಿ ಏನಂದಳು, ಎಲ್ಲಾ ಬಂತು. ಕಂಪ್ಯೂಟರಿನ ಕೆರೆಯೂ ಹೊರಗಿನ ಕೆರೆಯೂ ಮೊದಲ ಸಲ ಒಂದೇ ಬಣ್ಣ ತೋರಿಸಿದವು.

"ಸಾರ್," ಅಂದಳು ಡಾಕ್ಟ್ರಮ್ಮ, "ಈ ವಿಧಾನಕ್ಕೆ ಪೇಪರಲ್ಲಿ ಏನಂತ ಹೆಸರು ಬರೀಲಿ?"

"ಹೊಟ್ಟೆಕಿಚ್ಚು ಅಂತ ಬರಿ."

ಬೀಗರ ಜ್ಯೂಸು

ತಂದ ನೀರನ್ನು ಬೆಂಗಳೂರಿಗೆ ಕಳಿಸುವವರೆಗೆ ತಣ್ಣಗೆ ಇಡಬೇಕು. ಊರಿನಲ್ಲಿ ಅವಳಿಗೆ ಗೊತ್ತಿದ್ದ ಫ್ರಿಜ್ಜು ನಮ್ಮದೊಂದೇ. ಬಾಟಲಿಗಳಲ್ಲಿ ಹಚ್ಚ ಹಸಿರು ನೀರು, ಮೊಸರಿನ ಪಾತ್ರೆ ಪಕ್ಕದಲ್ಲಿ. ನನ್ನ ಹೆಂಡತಿ ಮೂಗು ಮುಚ್ಚಿಕೊಂಡೇ ಫ್ರಿಜ್ಜು ತೆಗೆಯುತ್ತಿದ್ದಳು.

ಹೀಗಿರುವಾಗ ಬೀಗರು ಬಂದರು, ಮಗಳ ಮಾವನವರು, ತುರುವೇಕೆರೆ ಕಡೆಯವರು. ಸಂಪಿಗೆ ಊರಿನ ಶ್ರೀನಿವಾಸ ದೇವರ ಒಕ್ಕಲು, ಬಲು ಆಚಾರವಂತರು. ಸಕ್ಕರೆ ಕಾಯಿಲೆ ಬಂದಾಗಿನಿಂದ ಕಂಡ ಕಂಡ ಸೊಪ್ಪಿನ ರಸ ಕುಡಿಯುವ ಅಭ್ಯಾಸ. ಬೆಳಿಗ್ಗೆ ನಾವಿಬ್ಬರೂ ಹಿತ್ತಲಲ್ಲಿದ್ದಾಗ ಅವರೇ ಫ್ರಿಜ್ಜು ತೆಗೆದಿದ್ದಾರೆ. ನಾವು ಒಳಗೆ ಬರುವಾಗ ಬಾಟಲಿ ಖಾಲಿ, ಮೀಸೆ ಹಸಿರು.

"ಗರಿಕೆ ಜ್ಯೂಸು ಬಹಳ ಗಟ್ಟಿಯಾಗಿದೆ ಬೀಗರೇ. ನಮಗೋಸ್ಕರ ಮಾಡಿಟ್ಟಿದ್ದಿರೇನೋ, ಪಾಪ."

ಮಗಳ ಮಾವನಿಗೆ ಚರಂಡಿ ಸೇರುವ ಕೆರೆ ನೀರು ಕುಡಿಸಿದರು ಅಂತ ತುರುವೇಕೆರೆಯಲ್ಲಿ ಗೊತ್ತಾದರೆ ನಮ್ಮ ಗತಿ ಏನು? ನನ್ನ ಹೆಂಡತಿ ಗಂಟಲು ಸರಿಮಾಡಿಕೊಂಡು, "ಹೂಂ ಅಣ್ಣಾವ್ರೇ, ನಿಮಗೋಸ್ಕರಾನೇ," ಅಂದುಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಬೀಗರು ಹಿತ್ತಲಿಗೂ ಜಗಲಿಗೂ ಓಡಾಡತೊಡಗಿದರು. ನಾವು ಇದ್ದಬದ್ದ ದೇವರಿಗೆಲ್ಲಾ ಹರಕೆ ಹೊತ್ತೆವು. ಅವರು ಮಾತ್ರ ಖುಷಿಯಾಗಿ, "ಮೈಯೊಳಗಿನ ಕಲ್ಮಷ ಎಲ್ಲಾ ಹೋಗ್ತಾ ಇದೆ ನೋಡಿ!" ಎನ್ನುತ್ತಿದ್ದರು. ಡಾಕ್ಟ್ರಮ್ಮ ಆ ವಾರದ ನೀರು ಯಾಕಿಲ್ಲ ಎಂಬುದಕ್ಕೆ 'ಹಿರಿಯರೊಬ್ಬರು ಸೇವಿಸಿದರು' ಎಂದು ಬರೆದುಕೊಂಡಳು. ಸುಳ್ಳು ಬರೆಯುವ ಹುಡುಗಿಯಲ್ಲ.

ಮಾರನೇ ದಿನ ನನ್ನ ಹೆಂಡತಿ ಎಳೇ ಗರಿಕೆ ಹುಡುಕಿ ತಂದು, ತೊಳೆದು, ರುಬ್ಬಿ, ಶೋಧಿಸಿ ಲೋಟ ತುಂಬಿಸಿ ಕೊಟ್ಟಳು. ಬೀಗರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ನೆನ್ನೆಯ ರುಚಿ ಇಲ್ಲ ಕಣಮ್ಮ."

ಕೊಬ್ಬರಿ ರೇಟು

ಊರವರಿಗೂ ಈ ಕಂಪ್ಯೂಟರ್ ಕೆರೆಯನ್ನು ತೋರಿಸಬೇಕು ಅಂತ ಪಂಚಾಯಿತಿ ಅಧ್ಯಕ್ಷೆ ಸಭೆ ಕರೆದಳು. ಗಟ್ಟಿ ಗಂಟಲಿನ, ಅದಕ್ಕಿಂತ ಗಟ್ಟಿ ಮನಸ್ಸಿನ ಹೆಂಗಸು. ಡಾಕ್ಟ್ರಮ್ಮ ಗೋಡೆ ಮೇಲೆ ಚಿತ್ರ ಬಿಟ್ಟು ವಿವರಿಸಿದಳು: ಈಗ ಕೆರೆ ಹೀಗಿದೆ, ಚರಂಡಿ ಹೀಗೇ ಬಿಟ್ಟರೆ ಬರುವ ಬೇಸಿಗೆಗೆ ಹೀಗಾಗುತ್ತದೆ, ಅದರ ಮುಂದಿನ ಬೇಸಿಗೆಗೆ ಹೀಗೆ.

ಕಂದಿಕೆರೆ ಕಡೆಯಿಂದ ಬಂದಿದ್ದ ಒಬ್ಬ ಯಜಮಾನರು ಎದ್ದು ನಿಂತರು. "ಅಲ್ಲಮ್ಮಾ, ಮುಂದಿನ ಬೇಸಿಗೇದು ಈಗ್ಲೇ ಕಾಣ್ತದಾ ಇದ್ರಲ್ಲಿ?"

"ಹೌದು ಯಜಮಾನ್ರೇ."

"ಅಂಗಾದ್ರೆ ಕೆರೆ ಬುಡು. ತಿಪಟೂರಲ್ಲಿ ಆವಾಗ ಕೊಬ್ಬರಿ ರೇಟು ಎಷ್ಟಿರ್ತದೆ ತೋರ್ಸು."

"ಅದು ಇದರಲ್ಲಿ ಬರಲ್ಲ. ಅದಕ್ಕೆ ಬೇರೆ ಮಾಡೆಲ್ ಕಟ್ಟಬೇಕು."

ಯಜಮಾನರು ಸಭೆಯ ಕಡೆ ತಿರುಗಿ ಅನುಕಂಪದಿಂದ ಹೇಳಿದರು: "ಪಾಪ, ಇನ್ನೂ ಕಲೀತಾ ಅದೆ ಕಣ್ರಪ್ಪಾ."

ಕಮಿಟಿ ಬಂತು

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ.

ಕಮಿಟಿ ಬರುವ ದಿನ ಗೊತ್ತಾದಾಗ ನಾವು ಹಬ್ಬಕ್ಕೆ ಅಂತ ತಿಪಟೂರಿನಲ್ಲಿರುವ ಮಗಳು ಅಳಿಯನ ಮನೆಗೆ ಹೊರಟಿದ್ದೆವು. ಡಾಕ್ಟ್ರಮ್ಮ ಕಮಿಟಿಯನ್ನು ಕರೆತರಲು ಬೆಂಗಳೂರಿಗೆ ಹೋಗಿದ್ದಳು. ಹೋಗುವಾಗ ಅಧ್ಯಕ್ಷೆಗೆ ಹೇಳಿದ್ದಿಷ್ಟೇ: "ಕೆರೆ ನೋಡೋಕೆ ದೊಡ್ಡವರು ಬರ್ತಾರೆ ಅಕ್ಕಾ, ಒಂದು ಕಾಫಿ ವ್ಯವಸ್ಥೆ ಮಾಡಿ." ಆ ದಿನ ಅವಳ ಕಾರು ತಿಪಟೂರಿನಲ್ಲಿ ನನ್ನನ್ನೂ ಹತ್ತಿಸಿಕೊಂಡಿತು. ದಾರಿಯುದ್ದಕ್ಕೂ ಅವಳು ಕಮಿಟಿಯವರಿಗೆ ಒಂದೇ ಮಾತು: "ಸರ್, ನೀವು ಆ ಹಸಿರು ನೋಡಿದ್ರೆ ಸಾಕು. ನಾನು ಬಾಯೇ ಬಿಡಬೇಕಾಗಿಲ್ಲ." ಕಮಿಟಿಯ ಹಿರಿಯರು ಕನ್ನಡಕದ ಮೇಲಿಂದ ನೋಡುತ್ತಿದ್ದರೇ ಹೊರತು ನಗುತ್ತಿರಲಿಲ್ಲ.

ಏರಿ ಹತ್ತಿದೆವು. ಡಾಕ್ಟ್ರಮ್ಮ ನಿಜವಾಗಿಯೂ ಬಾಯೇ ಬಿಡಲಿಲ್ಲ.

ಕಣ್ಣು ಹಾಯುವಷ್ಟು ದೂರ ತಿಳಿನೀರು. ಕಳೆ ಇಲ್ಲ, ಪಾಚಿ ಇಲ್ಲ. ತೂಬಿಗೆ ಸುಣ್ಣ, ಮಾವಿನ ತೋರಣ. ಏರಿ ಉದ್ದಕ್ಕೂ ರಂಗೋಲಿ. ಅಧ್ಯಕ್ಷೆ ರೇಷ್ಮೆ ಸೀರೆಯಲ್ಲಿ ಕೈ ಮುಗಿದು ನಿಂತಿದ್ದಳು.

"ಎಲ್ಲಮ್ಮಾ ಪಾಚಿ?" ಅಂದರು ಹಿರಿಯರು.

"ಪಾಚಿನಾ ಸಾ? ಒಂದ್ ಎಸಳೂ ಬುಟ್ಟಿಲ್ಲ!" ಅಧ್ಯಕ್ಷೆಯ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. "ಊರೋರೆಲ್ಲಾ ನೀರಿಗಿಳ್ದು ಬಾಚಾಕಿದೀವಿ. ಮನೇಗೆ ನೆಂಟ್ರು ಬತ್ತಾರೆ ಅಂದ್ರೆ ಅಂಗಳ ಗುಡಿಸ್ದೆ ಬುಡ್ತೀವಾ?"

"ಹಾಗಾದರೆ ಸಮಸ್ಯೆ ಬಗೆಹರಿದಿದೆ. ಇನ್ನೊಂದು ವರ್ಷ ಯಾತಕ್ಕೆ?" ಹಿರಿಯರು ಪೆನ್ನಿನ ಕ್ಯಾಪು ತೆಗೆದರು.

ಡಾಕ್ಟ್ರಮ್ಮನ ಕಣ್ಣಲ್ಲಿ ನೀರು. ನಾನು ಅಧ್ಯಕ್ಷೆಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದೆ: "ತಾಯೀ, ಕೆರೆ ಕೆಟ್ಟಿರೋದು ಅವರಿಗೆ ಕಂಡ್ರೆ ತಾನೇ ಈ ಹುಡುಗಿ ಕೆಲಸ ಮುಂದುವರಿಯೋದು!"

ಅಧ್ಯಕ್ಷೆ ಹಣೆ ಬಡಿದುಕೊಂಡಳು. "ಅಯ್ಯೋ ನಿಮ್ಮ! ಮೊದ್ಲೇ ಹೇಳ್ಬಾರ್ದಾ ಮೇಷ್ಟ್ರೇ? ಏ ಭಾಯಿ, ಟ್ರ್ಯಾಕ್ಟ್ರು ತಿರುಗ್ಸು! ಎಲ್ಲಾನೂ ವಾಪಸ್ ತಂದು ಹಾಕು!"

"ಎಲ್ಲಿಗಕ್ಕಾ?"

"ಇನ್ನೆಲ್ಲಿಗೆ, ಕೆರೆಗೆ!"

"ಅಕ್ಕಾ, ಈಗ್ತಾನೆ ಟ್ರೈಲರ್ ತೊಳ್ದಿದೀನಿ," ಅಂದ ಭಾಯಿ, ಅಳುವ ದನಿಯಲ್ಲಿ.

ಅಧ್ಯಕ್ಷೆ ಹಿರಿಯರ ಕಡೆ ತಿರುಗಿದಳು. "ಸಾ, ಒಂದರ್ಧ ಗಂಟೆ ನೆಳ್ಳಲ್ಲಿ ಕೂತ್ಕಳಿ, ಕಾಫಿ ಕುಡೀರಿ. ಅಷ್ಟೊತ್ತಿಗೆ ಮೊದ್ಲಿನಂಗೇ ಕೆಡಿಸಿ ತೋರಿಸ್ತೀವಿ."

ತಮಾಷೆಗೆ ಹೇಳಲಿಲ್ಲ. ಶಾಲೆ ಹಿಂದೆ ಗುಡ್ಡೆ ಹಾಕಿದ್ದ ಕಳೆ ಟ್ರೈಲರಿನಲ್ಲಿ ಬಂದು ಸುರಿಯತೊಡಗಿತು. ಎಲ್ಲರ ಮನೆಯಲ್ಲೂ ಒಲೆ ಮೇಲೆ ಸಾರು ಕುದಿಯುತ್ತಿದ್ದ ಹೊತ್ತು, ಆದರೂ ಊರಿಗೆ ಊರೇ ಬಂತು. "ತೂಬಿನತ್ರ ಜಾಸ್ತಿ ಇತ್ತು ಕಣ್ಲಾ, ಅಲ್ಲಿಗ್ ತಳ್ಳು!" "ಲೇ, ಇದು ನಮ್ ತೋಟದ ಕಡೇದಲ್ಲ, ನಿಮ್ ಕಡೆ ಕಳೇನಾ ನಮ್ ಕಡೆಗ್ಯಾಕ್ ಹಾಕ್ತೀಯಾ?" ಇಬ್ಬರು ಅದಕ್ಕಾಗಿ ಜಗಳಕ್ಕೇ ನಿಂತರು.

ಹಿರಿಯರ ಪೆನ್ನು ಗಾಳಿಯಲ್ಲೇ ನಿಂತಿತ್ತು. ಡಾಕ್ಟ್ರಮ್ಮನ ಕಡೆ ತಿರುಗಿ ಕೇಳಿದರು: "ಏನಮ್ಮಾ, ಹೀಗಾಗುತ್ತೆ ಅಂತ ನಿಮ್ಮ ಮಾಡೆಲ್ ಹೇಳಿತ್ತಾ?"

ಡಾಕ್ಟ್ರಮ್ಮ ಮೂಗೊರೆಸಿಕೊಂಡಳು. "ಇಲ್ಲ ಸರ್. ಅದರಲ್ಲಿ ಮಳೆ ಇದೆ, ಬಿಸಿಲಿದೆ, ಗೊಬ್ಬರ ಇದೆ, ಹುಳು, ಮೀನು ಎಲ್ಲಾ ಇದೆ. ಇವರು ಇಲ್ಲ."

"ಯಾಕಿಲ್ಲ?"

"ಒಂದು ವರ್ಷದೊಳಗೆ ಇವರನ್ನ ಹಿಡಿಸೋಕೆ ಆಗಲಿಲ್ಲ ಸರ್."

ಹಿರಿಯರು ನಕ್ಕರು. ಮೊದಲು ಭುಜ, ಆಮೇಲೆ ಹೊಟ್ಟೆ, ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು. ಅಲ್ಲೇ ತೂಬಿನ ಕಟ್ಟೆ ಮೇಲೆ ಕೂತು ಬರೆದರು: ಈ ಊರಿನವರನ್ನೂ ಲೆಕ್ಕಕ್ಕೆ ಸೇರಿಸದೆ ಈ ಕೆರೆ ಪೂರ್ತಿಯಾಗುವುದಿಲ್ಲ, ಎರಡನೇ ವರ್ಷದ ಹಣ ಕೊಡತಕ್ಕದ್ದು. ಜೊತೆಗೊಂದು ಸೂಚನೆ: ಒಂದು ಮೂಲೆಯಲ್ಲಿ ಕಳೆ ತೆಗೆಯುವುದು, ಇನ್ನೊಂದರಲ್ಲಿ ಹಾಗೇ ಬಿಡುವುದು, ಮತ್ತೊಂದರಲ್ಲಿ ತೆಗೆದು ವಾಪಸ್ ಹಾಕುವುದು, ಮೂರರ ನೀರನ್ನೂ ತಿಂಗಳು ತಿಂಗಳು ಪರೀಕ್ಷೆ ಮಾಡುವುದು.

ಅಲ್ಲಿಂದ ಇದೇ ನಮ್ಮ ಕೆಲಸ. ಬಾಚುತ್ತೇವೆ, ತೂಗುತ್ತೇವೆ, ಹಾಕುತ್ತೇವೆ, ಮತ್ತೆ ಬಾಚುತ್ತೇವೆ. ಭಾಯಿ ಟ್ರೈಲರ್ ತೊಳೆಯುವುದನ್ನೇ ಬಿಟ್ಟಿದ್ದಾನೆ. ಮೊನ್ನೆ ಸೊಂಟ ಹಿಡಿದುಕೊಂಡು ಮನೆಗೆ ಬಂದು, "ಇದು ಮುಗಿಯೋ ಹಾಗೇ ಕಾಣಲ್ಲವಲ್ಲೇ," ಅಂದೆ.

ನನ್ನ ಹೆಂಡತಿ ತಿರುಗಿ ಕೂಡ ನೋಡಲಿಲ್ಲ. "ಹೇಗೆ ಮುಗಿಯುತ್ತೆ? ಆ ದಿನ ಏನು ಮಾಡ್ತೀವೋ ವರ್ಷವಿಡೀ ಅದನ್ನೇ ಮಾಡಬೇಕಾಗುತ್ತೆ ಅಂತ ನಿಮ್ಮಮ್ಮ ಬಡ್ಕೋತಿರಲಿಲ್ವಾ? ಬೇರೆ ದಿನ ಸಿಗಲಿಲ್ವಾ ನಿಮಗೆ ಕೆರೆಗೆ ಕಳೆ ಸುರಿಯೋಕೆ?"

ದಿನ ಗೊತ್ತು ಮಾಡಿದ್ದು ಬೆಂಗಳೂರಿನವರು, ನಾನೇನು ಮಾಡಲಿ. ಯುಗಾದಿಯ ಮಾರನೇ ದಿನ, ವರ್ಷತೊಡಕು.