ಹತ್ತು ಮಕ್ಕಳ ಲಿಫ್ಟಿನಲ್ಲಿ ಹನ್ನೊಂದನೆಯ ನಾನು

ಕೂಡುವ ಲೆಕ್ಕ ಕಲಿಸುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಮೊಮ್ಮಗಳು ಸಾನ್ವಿ ಒಂದನೇ ಕ್ಲಾಸು. ಎಂಟಕ್ಕೆ ಐದು ಕೂಡಿಸು ಎಂದರೆ ಹತ್ತೂ ಬೆರಳು ಮುಗಿಸಿ, ಇನ್ನು ಬೆರಳಿಲ್ಲವಲ್ಲ ಎಂದು ಅಳುತ್ತಾಳೆ. ಸೊಸೆ ತೀರ್ಪು ಕೊಟ್ಟಳು: "ಮಾವ, ಇವತ್ತು ಸಂಜೆಯೊಳಗೆ ಕಲೀದಿದ್ರೆ ಸಂಡೇ ಟ್ಯೂಷನ್ನಿಗೆ ಹಾಕ್ತೇನೆ."

ಭಾನುವಾರವೆಂದರೆ ನಾನೂ ಮೊಮ್ಮಗಳೂ ನಮ್ಮ ವಡಾಲದಿಂದ ಪಕ್ಕದ ಮಾಟುಂಗಕ್ಕೆ ಹೋಗಿ ಮಸಾಲೆ ದೋಸೆ ತಿನ್ನುವ ದಿನ. ವಾರಪೂರ್ತಿ ನಾನು ಬದುಕುವುದೇ ಅದಕ್ಕಾಗಿ!

"ಟ್ಯೂಷನ್ ಯಾಕೆ? ನಾನಿಲ್ವಾ?" ಎಂದು ಘೋಷಿಸಿದೆ.

ನಮ್ಮ ಬಿಲ್ಡಿಂಗಿನದು ಜಾಲರಿ ಬಾಗಿಲಿನ ಹಳೇ ಲಿಫ್ಟು. ದೊಡ್ಡವರಾದರೆ ಐವರು, ಮಕ್ಕಳಾದರೆ ಹತ್ತು. ಕೆಳಗೆ ಆಡುತ್ತಿದ್ದವರನ್ನೆಲ್ಲ ಕರೆದೆ. ಸಾನ್ವಿಯೂ ಸೇರಿ ಎಂಟು ಮಂದಿ ಒಳಗೆ, ಐದು ಮಂದಿ ಹೊರಗೆ. "ಒಳಗೆ ಹತ್ತು ಮಾಡ್ಬೇಕು. ಹೊರಗಿನವರು ಎಷ್ಟು ಜನ ಬರ್ಬೇಕು?"

"ದೋ!" ಎನ್ನುತ್ತಾ ಇಬ್ಬರು ನುಗ್ಗಿದರು. ಹತ್ತು ತುಂಬಿತು, ಹೊರಗೆ ಮೂರು ಉಳಿಯಿತು. ಎಷ್ಟು ಸಲೀಸು! ಅಲ್ಲಿಗೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಖುಷಿಗೆ ಒಂದು ಸುತ್ತು ಹೊಡೆಸೋಣವೆಂದು ನಾನೂ ಹೊಕ್ಕು, ಜಾಲರಿ ಎಳೆದು, ನಮ್ಮ ಐದನೇ ಮಹಡಿಯ ಗುಂಡಿ ಒತ್ತಿದೆ. ಗುರುಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ನನ್ನ ನಂಬಿಕೆ. ಆದರೆ ಗುರುಗಳ ಹೊಟ್ಟೆಗೆ ಜಾಗ ಬೇಕಲ್ಲ! ಎರಡು-ಮೂರನೇ ಮಹಡಿಯ ನಡುವೆ ಅದು ಜಾಲರಿಯನ್ನು ದೂಡಿ ಚೂರು ತೆರೆಯಿತು. ಲಿಫ್ಟು ನಿಂತಿತು. "ಕೃಪಯಾ ದರವಾಜಾ ಬಂದ್ ಕೀಜಿಯೇ," ಎಂದು ಬಾಗಿಲು ಮುಚ್ಚಲು ಹೇಳಿದಳು ರೆಕಾರ್ಡಿಂಗಿನ ಹೆಂಗಸು. ಒಮ್ಮೆಯಲ್ಲ, ಬಿಡದೆ.

ಮೆಟ್ಟಿಲಲ್ಲಿ ನನ್ನ ಹೆಂಡತಿ ಪ್ರತ್ಯಕ್ಷಳಾದಳು. "ಎಂತ ಅವಸ್ಥೆ ಮಾರಾಯ್ರೆ ಇದು? ಕಂಡವರ ಮಕ್ಕಳನ್ನೆಲ್ಲ ತುಂಬಿಸ್ಕೊಂಡು!"

ಹಿಂದೆಯೇ ವಾಚ್‌ಮನ್ ಮಲ್ಲಪ್ಪ, ವಿಜಯಪುರದ ಕಡೆಯವ. "ಏನ್ರೀ ಸರ, ಲಿಫ್ಟಿನ್ಯಾಗ ಸಾಲಿ ತೆಗದೀರೇನು?"

ಸಾನ್ವಿ ಮೂಲೆಯಲ್ಲಿ ಕೈ ಅಲ್ಲಾಡಿಸಲಾಗದಂತೆ ಸಿಕ್ಕಿಕೊಂಡಿದ್ದಳು. ಈಗ ಅಳುತ್ತಾಳೆ, ನನ್ನ ದೋಸೆಯೂ ಹೋಯಿತು ಎಂದುಕೊಂಡೆ. ಅವಳು ಕೂಗಿದಳು: "ಅಜ್ಜೀ! ಎಂಟು ಜನ ಇದ್ವಿ. ಐದರಿಂದ ದೋ ಬಂದ್ರು, ಹತ್ತು. ನೀಚೆ ಮೂರು ಉಳಿದ್ರು. ಹದಿಮೂರು! ಅಜ್ಜ ಎಕ್ಸ್‌ಟ್ರಾ!"

ಹೆಂಡತಿಗೆ ನಂಬಿಕೆ ಬರಲಿಲ್ಲ. "ಒಂಬತ್ತಕ್ಕೆ ಆರು?"

"ಒಂಬತ್ತಕ್ಕೆ ಒಂದು ಕೊಟ್ಟೆ, ಹತ್ತು. ಐದು ಉಳೀತು. ಹದಿನೈದು!"

ಬೆರಳೇ ಇಲ್ಲದೆ! ಕೈ ಎತ್ತಲು ಜಾಗವಿದ್ದರೆ ತಾನೆ ಬೆರಳು ಎಣಿಸುವುದು! ಆನಂದಕ್ಕೆ ನನ್ನ ಕಣ್ಣು ತುಂಬಿತು, ಎದೆ ಉಬ್ಬಿತು. ಜೊತೆಗೆ ಹೊಟ್ಟೆಯೂ. "ಕೃಪಯಾ ದರವಾಜಾ..."

"ಸರ, ಹೊಟ್ಟಿ ಒಳಗ ಎಳಕೋರಿ!" ಎಂದು ಮಲ್ಲಪ್ಪ ಗದರಿದ. ಉಸಿರು ಬಿಗಿಹಿಡಿದು ಜಾಲರಿ ಎಳೆದೆ. ಲಿಫ್ಟು ಹೊರಟಿತು.

ಟ್ಯೂಷನ್ ರದ್ದಾಯಿತು. ಭಾನುವಾರ ಮಾಟುಂಗದಲ್ಲಿ ವಿಜಯದ ದೋಸೆ ಎರಡು ತಿಂದೆ. ಮರಳಿ ಬಂದಾಗ ಲಿಫ್ಟಿನಲ್ಲಿ ಆಗಲೇ ನಾಲ್ಕು ಮಂದಿ ಇದ್ದರು. ಸಾನ್ವಿ ಒಳಗೆ ನುಸುಳಿ, ಕೈ ಅಡ್ಡ ಹಿಡಿದಳು. "ಅಜ್ಜಾ, ನೀವು ಎಕ್ಸ್‌ಟ್ರಾ!"

ಹತ್ತು ಹತ್ತಾಗಿ ಎಣಿಸುತ್ತಾ ಮೆಟ್ಟಿಲೇರಿದೆ. ಇಪ್ಪತ್ತೆಂಟನೆಯದರಲ್ಲಿ ಉಸಿರು ಸಾಲದೆ ಕೂತುಬಿಟ್ಟೆ. ಮೂರನೇ ಹತ್ತು ತುಂಬಲು ಎರಡು ಬೇಕಿತ್ತು. ಯಾರೂ ಕೊಡಲಿಲ್ಲ!