ಹನ್ನೊಂದು ಗುಂಡಿಗಳ ಪಾಠ

ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕನಿಗೆ ಕೆಲಸಗಾರರು ಇಟ್ಟ ಹೆಸರು ಗುಡುಗಪ್ಪ. ಹೋದ ವಾರ ಹೊಸ ಯಂತ್ರ ಕಲಿಸುವಾಗ ಅವನು ಗದರಿದ ರಭಸಕ್ಕೆ ಇಬ್ಬರು ಅತ್ತಿದ್ದರು, ಒಬ್ಬ ಹೊದಿಕೆಗಳ ಕಪಾಟಿನಲ್ಲಿ ಅಡಗಿಕೊಂಡಿದ್ದ.

ಬೆಳಿಗ್ಗೆಯೇ ಮ್ಯಾನೇಜರ್ ಗುಡುಗಪ್ಪನನ್ನು ಕರೆಸಿದರು. "ಅವರೇನು ಶಾಲೆ ಮಕ್ಕಳಲ್ಲ ಕಣ್ರೀ, ಮೊಮ್ಮಕ್ಕಳನ್ನ ಕಂಡೋರು. ಇವತ್ತು ನಗ್ತಾ ಕಲಿಸಿ. ಸಂಜೆ ನಾನೇ ಪರೀಕ್ಷೆ ಮಾಡ್ತೀನಿ. ಅವರು ಪಾಸಾಗದಿದ್ರೆ ನಾಳೆಯಿಂದ ನೀವು ಇಸ್ತ್ರಿ ವಿಭಾಗಕ್ಕೆ."

ಗುಡುಗಪ್ಪ ಬೆಂಚುಗಳನ್ನು ಯಂತ್ರದ ಸುತ್ತ ಜೋಡಿಸಿ, ಆರು ಮಂದಿ ಕೆಲಸಗಾರರಿಗೂ ತಾನೇ ಚಹಾ ಹಂಚಿದ. "ಇರೋದು ಹನ್ನೊಂದೇ ಗುಂಡಿ. ತಪ್ಪಾದ್ರೆ ಆಗ್ಲಿ, ಹೆದರಬೇಡಿ" ಎಂದ. ಇವನಿಗೆ ಜ್ವರ ಬಂದಿದೆಯೇನೋ ಎಂದು ಅವರು ಮುಖ ಮುಖ ನೋಡಿಕೊಂಡರು.

ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮ ಮೊದಲು ಎದ್ದು, ಒತ್ತಬಾರದ ಗುಂಡಿಯನ್ನೇ ಒತ್ತಿದಳು. ನೊರೆ ಉಕ್ಕಿ ಮೊಣಕಾಲಿಗೆ ಬಂತು. ಗುಡುಗಪ್ಪನ ಮುಖ ಕಾದ ಬಾಣಲೆಯಂತಾಯಿತು. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು, "ಭೇಷ್! ಯಾವುದನ್ನ ಒತ್ತಬಾರದು ಅಂತ ಎಲ್ರಿಗೂ ಗೊತ್ತಾಯ್ತು" ಎಂದ.

ಕನ್ನಡಕದ ಮಾವ ಎಂಬಾತ ಡಾಕ್ಟರುಗಳ ಬಿಳಿ ಕೋಟುಗಳ ಜೊತೆ ಹಸಿರು ಪರದೆ ತುರುಕಿದ. ಕೋಟುಗಳು ಗಿಳಿಹಿಂಡಿನಂತೆ ಹೊರಬಂದವು. ಗುಡುಗಪ್ಪ ಹಲ್ಲು ಕಚ್ಚಿಕೊಂಡೇ ಚಪ್ಪಾಳೆ ತಟ್ಟಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಊಟವಾದ ಮೇಲೆ ದೊಡ್ಡಮ್ಮ ಅವನನ್ನು ಮೂಲೆಗೆ ಕರೆದಳು. "ನಂಗೆ ಓದೋಕೆ ಬರಲ್ಲ ಕಣಪ್ಪ. ಹೇಳ್ಕೊಳ್ಳೋಕೆ ನಾಚಿಕೆ."

ಹೋದ ವಾರ ಅವನು ಹೆಚ್ಚು ಗದರಿದ್ದು ಇವಳನ್ನೇ. ಗುಡುಗಪ್ಪ ಹೋಗಿ, ಒಂದೊಂದು ಗುಂಡಿಗೂ ಒಂದೊಂದು ಬಣ್ಣದ ಬಟ್ಟೆಚೂರು ಅಂಟಿಸಿದ. ನಾಲ್ಕು ಗಂಟೆಯ ಹೊತ್ತಿಗೆ ಆರೂ ಮಂದಿ ನೀರು ಕುಡಿದಷ್ಟು ಸಲೀಸಾಗಿ ಯಂತ್ರ ಓಡಿಸುತ್ತಿದ್ದರು.

ಐದಕ್ಕೆ ಮ್ಯಾನೇಜರ್ ಬಂದರು. ದೊಡ್ಡಮ್ಮ ಸೋಪಿನ ಪುಡಿಯನ್ನು ನೆಲಕ್ಕೆ ಸುರಿದಳು. ಕನ್ನಡಕದ ಮಾವ ಯಂತ್ರದ ಹಿಂಬದಿಯಲ್ಲಿ ಬಾಗಿಲು ಹುಡುಕಿದ. ಉಳಿದ ನಾಲ್ವರು ಕೈಕಟ್ಟಿ ನಿಂತರು. ಮ್ಯಾನೇಜರ್ ತಲೆ ಅಲ್ಲಾಡಿಸಿ ಹೊರನಡೆದರು.

"ಯಾಕೆ ಹೀಗೆ ಮಾಡಿದ್ರಿ?" ಗುಡುಗಪ್ಪ ಕೇಳಿದ.

"ಬೇಕೂಂತ್ಲೇ ಕಣಪ್ಪ" ಎಂದಳು ದೊಡ್ಡಮ್ಮ. "ಪಾಸಾದ್ರೆ ಕ್ಲಾಸು ಇವತ್ತಿಗೇ ಮುಗೀತಿತ್ತು. ಇಪ್ಪತ್ತು ವರ್ಷದಲ್ಲಿ ನಮ್ಮನ್ನ ಕೂರಿಸಿ ಯಾರು ಹೀಗೆ ಕಲಿಸಿದ್ರು? ಇನ್ನೊಂದು ವಾರ ನೀನೇ ಕಲಿಸು."

"ನಾನೆಲ್ಲಿ ಕಲಿಸ್ಲಿ ದೊಡ್ಡಮ್ಮ? ನೀವು ಫೇಲಾದ್ರೆ ನನ್ನನ್ನ ಇಸ್ತ್ರಿಗೆ ಹಾಕ್ತೀನಿ ಅಂದಿದ್ರು!"

ಆರೂ ಮಂದಿ ಎದ್ದೆವೋ ಬಿದ್ದೆವೋ ಎಂದು ಓಡಿ, ಮ್ಯಾನೇಜರರ ಕಾರಿಗೆ ಅಡ್ಡ ನಿಂತರು. "ಸಾರ್, ನಮಗೆಲ್ಲ ಬರುತ್ತೆ! ಬೇಕೂಂತ್ಲೇ ತಪ್ಪು ಮಾಡಿದ್ವಿ!"

ಮ್ಯಾನೇಜರರ ಕಣ್ಣು ತೇವವಾಯಿತು. "ಒಂದೇ ದಿನದಲ್ಲಿ ಎಷ್ಟು ಪ್ರೀತಿ ಗಳಿಸಿದ್ದಾರೆ! ಅವರನ್ನ ಉಳಿಸೋಕೆ ಸುಳ್ಳು ಬೇರೆ ಹೇಳ್ತೀರಲ್ಲಾ" ಎಂದು ಕಾರಿನ ಗಾಜು ಏರಿಸತೊಡಗಿದರು. "ನಾಳೆ ಎಂಟಕ್ಕೆ ಸರಿಯಾಗಿ ಬನ್ನಿ. ಪಾಠ ನಂದೇ."